ಕರಗದ ಶೇಂಗಾ ರಾಶಿ

ನಾನು ಚಿಕ್ಕವನಿದ್ದಾಗ ನಮ್ಮ ಸೊಕ್ಕೆ ಊರಿನ ಮನೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ಅಜ್ಜಿಯದು. ನಿಮಗೆ ಶೇಂಗಾ ಅಂದರೆ ಚಿಕ್ಕಿ, ಚಟ್ನಿಪುಡಿ ಅಷ್ಟೇ ಗೊತ್ತು. ಬೀಜದ ಶೇಂಗಾ ಬೇರೆಯೇ ಮಕ್ಕಳೇ. ಹಿಂದಿನ ದಿನವೇ ಕಾಯಿಗೆ ನೀರು ಚಿಮುಕಿಸಿ, ಗೋಣಿ ಮುಚ್ಚಿ ಮೆತ್ತಗೆ ಮಾಡಬೇಕು. ಆಮೇಲೆ ಒಂದೊಂದೇ ಕಾಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಬೇಕು. ಕಾಳಿನ ಮೇಲಿನ ಕೆಂಪು ಸಿಪ್ಪೆ ಹರಿಯಿತೋ, ಅದು ಮೊಳೆಯುವುದಿಲ್ಲ. ಅದಕ್ಕೇ ಅವಸರದವರನ್ನು ಅಜ್ಜಿ ಆ ರಾಶಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ನನ್ನನ್ನೂ ಅಕ್ಕನನ್ನೂ ಮಾತ್ರ ಅಕ್ಕಪಕ್ಕ ಕೂರಿಸಿಕೊಳ್ಳುತ್ತಿದ್ದಳು. ಒದ್ದೆ ಗೋಣಿಯ ವಾಸನೆ, ಅಜ್ಜಿಯ ಬಾಯಿಂದ ಬರುವ ಎಲೆ ಅಡಿಕೆಯ ಘಮ, ಕಾಯಿ ಬಿರಿಯುವ ಚಟ್ ಚಟ್ ಸದ್ದು. ಮನೆ ಮುಂದಿನ ಕಟ್ಟೆಯ ಮೇಲೆ ನಮ್ಮ ಮೂವರಿಗೂ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಮಾತ್ರ ನನಗೆ ಸುಲಿಯಲು ಮನಸ್ಸೇ ಇರಲಿಲ್ಲ. ಅಪ್ಪನೂ ಚಿಕ್ಕಪ್ಪನೂ ಬೇರೆಯಾಗಿದ್ದರು. ಊರಿನ ಹಿರಿಯರು ಕೂತು ಕುರಿ, ಕೊಪ್ಪರಿಗೆ, ಕಂಬಳಿ ಎಲ್ಲ ಪಾಲು ಮಾಡಿದ್ದರು. ಚಿಕ್ಕಪ್ಪ ತ್ಯಾವಣಿಗೆಗೆ, ಹೆಂಡತಿಯ ತವರಿನ ಕಡೆ ಬೇಸಾಯಕ್ಕೆ ಹೊರಟಿದ್ದ. ಅಜ್ಜಿಯೂ ಪಾಲಾಗಿದ್ದಳು. ಮಳೆಗಾಲ ಅಲ್ಲಿ, ಬೇಸಿಗೆ ಇಲ್ಲಿ. ಅಜ್ಜಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬೀಸುವ ಕಲ್ಲನ್ನು ಯಾರಾದರೂ ಕೇಳುತ್ತಾರೆಯೇ, ನೀನು ಯಾರ ಮನೆಗೆ ಹೋಗುತ್ತೀ ಅಂತ! ಮಳೆಗಾಲ ಬಂದೇಬಿಟ್ಟಿತ್ತು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕಿತ್ತು.

ಪಾಲಾಗದೆ ಬಿತ್ತನೆಯ ಬೀಜ ಒಂದೇ ಉಳಿದಿತ್ತು. "ಕಾಯಿನೇ ಅಳದು ಕೊಡವ್ವ, ಅಲ್ಲೇ ಸುಲ್ಕೊಂತೀವಿ" ಅಂದ ಚಿಕ್ಕಪ್ಪ.

"ಈ ಮನೆ ಬೀಜ ನನ್ನ ಕೈಯಾಗೇ ಪಾಲಾಗ್ಲಿ" ಅಂದಳು ಅಜ್ಜಿ. "ಸುಲ್ದು ಮುಗಿದ ಮ್ಯಾಲೆ ಹೊರಡಾದು."

ಅಂದರೆ ರಾಶಿ ಇರುವ ತನಕ ಅಜ್ಜಿ ಇರುತ್ತಾಳೆ! ಇಷ್ಟು ತಿಳಿದದ್ದೇ ತಡ, ನನ್ನ ಬೆರಳು ನಿಧಾನವಾದವು. ಆದರೂ ರಾಶಿ ಕರಗುತ್ತಲೇ ಇತ್ತು, ಅಜ್ಜಿಯ ಕೈ ಅಷ್ಟು ಪಳಗಿದ ಕೈ. ಗೋಡೆಗೆ ಒರಗಿಸಿದ್ದ ಚೀಲದಲ್ಲಿ ತಿನ್ನಲು ಇಟ್ಟ ಕಾಯಿ ಇತ್ತು. ಯಾರೂ ನೋಡದಾಗ ಒಂದು ಹಿಡಿ ತೆಗೆದು ರಾಶಿಗೆ ಸೇರಿಸಿದೆ. ಮತ್ತೊಂದು ಹಿಡಿ ತೆಗೆಯುವಾಗ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. ಬಯ್ಯುತ್ತಾಳೆ ಅಂದುಕೊಂಡೆ. ಅವಳು ಕಾಲು ಚಾಚಿ, ಆ ಚೀಲವನ್ನು ಮೆಲ್ಲಗೆ ನನ್ನ ಕಡೆಗೆ ನೂಕಿದಳು.

ಆಗ ತಿಳಿಯಿತು ನನಗೆ, ಅಜ್ಜಿಗೂ ಹೋಗಲು ಮನಸ್ಸಿಲ್ಲ. ತಿಳಿದು ಸಂಕಟ ಇನ್ನೂ ಹೆಚ್ಚಾಯಿತು. ಅಕ್ಕನಿಗೂ ಗೊತ್ತಾಗಿ, ಅವಳೂ ಲಂಗದ ಮರೆಯಲ್ಲಿ ಕಾಯಿ ತಂದು ಸುರಿಯತೊಡಗಿದಳು.

ಬಸ್ಸು ಹಾರ್ನ್ ಹೊಡೆದು ಹೋಗಿಯೇ ಬಿಟ್ಟಿತು. ಚಿಕ್ಕಪ್ಪ ರಸ್ತೆಯಿಂದ ದಡದಡ ಬಂದ. "ಎಷ್ಟೊತ್ತು ಮಾಡ್ತೀಯವ್ವ! ಬಸ್ಸು ಹೋತು!" ಎಂದು ಸಿಟ್ಟಿನಿಂದ ಒಂದಷ್ಟು ಕಾಯಿ ಬಾಚಿಕೊಂಡು ಕಲ್ಲಿನಿಂದ ಕುಟ್ಟಿದ. ಕಾಳೆಲ್ಲ ಹೋಳಾದವು.

ಅಜ್ಜಿ ಹೋಳುಗಳನ್ನು ಆರಿಸಿ ಪಕ್ಕಕ್ಕಿಟ್ಟಳು. "ಇವು ಒಗ್ಗರಣೆಗೆ ಹೋದ್ವು ನೋಡಪ್ಪ. ಬಸ್ಸು ಸಂಜಿಗೂ ಬರ್ತೈತೆ. ಒಡೆದ ಬೀಜ ಮೊಳೀತೈತೇನು?"

ಚಿಕ್ಕಪ್ಪ ಕಲ್ಲು ಕೆಳಗಿಟ್ಟು ಅಜ್ಜಿಯ ಪಕ್ಕದಲ್ಲೇ ಕೂತ. ಅಷ್ಟರಲ್ಲಿ ಅಪ್ಪನೂ ಹೊರಗೆ ಬಂದ. ರಾಶಿ ನೋಡಿದ, ಸೊರಗಿದ ಚೀಲ ನೋಡಿದ, ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಕಾಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಅಪ್ಪ ಟವೆಲ್ ಕೊಡವಿ ಅಜ್ಜಿಯ ಇನ್ನೊಂದು ಪಕ್ಕದಲ್ಲಿ ಕೂತು ಕಾಯಿ ಕೈಗೆ ತೆಗೆದುಕೊಂಡ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ನಡುವೆ ಅಜ್ಜಿ ಒಬ್ಬಳೇ.

ಅವಳು ನನ್ನ ಕಡೆ ತಿರುಗಿ ಹೇಳಿದಳು: "ನಿಮ್ಮಪ್ಪ ಸಣ್ಣೋನಿದ್ದಾಗ ಮೂಗಿನಾಗೆ ಶೇಂಗಾ ಕಾಳು ತುರುಕ್ಕೊಂಡಿದ್ದ ಕಣೋ. ಇವನು ಇದಾನಲ್ಲ ನಿನ್ನ ಚಿಕ್ಕಪ್ಪ, ಅಣ್ಣ ಸಾಯ್ತಾನೆ ಅಂತ ಓಣಿ ತುಂಬ ಬಾಯಿ ಬಡ್ಕೊಂಡು ಓಡ್ಯಾಡಿದ್ದ."

ಅಕ್ಕ ಕಿಸಕ್ಕನೆ ನಕ್ಕಳು. ಅಪ್ಪನ ಮೀಸೆಯೂ ಅಲುಗಿತು. ಚಿಕ್ಕಪ್ಪ ನಗಲು ಹೋಗಿ ಕಣ್ಣು ಒರೆಸಿಕೊಂಡ. "ಆಮ್ಯಾಲೆ ಹೆಂಗೆ ಬಂತವ್ವ ಅದು?" ಅಂತ ಕೇಳಿದ್ದು ಅಪ್ಪನೇ. "ಸೀನಿದೆ ನೀನು, ಇವನ ಮುಖಕ್ಕೇ ಬಂದು ಬಿತ್ತು" ಅಂದಳು ಅಜ್ಜಿ. ಆಗ ಎಲ್ಲರೂ ನಕ್ಕರು. ನಮ್ಮವ್ವ ಒಳಗಿನಿಂದ ರೊಟ್ಟಿ, ಆ ಹೋಳುಗಳ ಚಟ್ನಿ ತಂದಿಟ್ಟಳು. ಒಂದೇ ತಟ್ಟೆಗೆ ಎಲ್ಲರ ಕೈ ಹೋಯಿತು. ಸದ್ಯ, ಎಲ್ಲ ಸರಿಹೋಯಿತು, ಇನ್ನು ಅಜ್ಜಿ ಎಲ್ಲೂ ಹೋಗುವುದಿಲ್ಲ ಎಂದು ನಾನು ನಂಬಿಬಿಟ್ಟೆ.

ಆದರೆ ಚೀಲ ಖಾಲಿಯಾಯಿತು, ರಾಶಿಯೂ ಮುಗಿಯಿತು. ಅಜ್ಜಿ ಬೀಜವನ್ನು ಸೇರಿನಲ್ಲಿ ಅಳೆದು ಎರಡು ಗಂಟು ಕಟ್ಟಿದಳು. ಸಂಜೆಯ ಬಸ್ಸಿಗೆ ಅಪ್ಪನೇ ಅವಳ ಗಂಟು ಹೊತ್ತು ನಡೆದ. ನಾನು ಅವಳ ಸೆರಗು ಹಿಡಿದೇ ಹೋದೆ. "ಬ್ಯಾಸಿಗೆಗೆ ಬರ್ತೀನಿ ಕಣೋ ನನ್ನಪ್ಪ" ಅಂದಳು. ಬಂದಳು ಕೂಡ. ಮತ್ತೆ ಹೋದಳು. ಕೆಲವು ವರ್ಷ ಹೀಗೆಯೇ ಬಂದು ಹೋಗಿ ಮಾಡಿದಳು. ಕೊನೆಗೆ ಒಂದು ಮಳೆಗಾಲಕ್ಕೆ ಹೋದವಳು ತಿರುಗಿ ಬರಲಿಲ್ಲ.

ಈಗ ಜಗಳೂರಿನ ಈ ಮನೆಯಲ್ಲಿ ಬೀಜ ಸುಲಿಯುವವರು ಯಾರಿದ್ದಾರೆ? ಅಂಗಡಿಯಿಂದ ಪಾಕೀಟಿನಲ್ಲಿ ಬರುತ್ತದೆ, ಉಳಿದಿದ್ದು ಮಷೀನು ಸುಲಿಯುತ್ತದೆ. ನನ್ನ ಮಕ್ಕಳಿಬ್ಬರೂ, ನಿಮ್ಮ ಅಪ್ಪನೂ ಹೊನ್ನಾಳಿಯ ದೊಡ್ಡಪ್ಪನೂ, ಒಳ್ಳೆಯವರೇ, ಜಗಳ ಆಡಿದವರಲ್ಲ, ಪಾಲು ಎಂಬ ಮಾತೂ ಎತ್ತುವುದಿಲ್ಲ. "ಒಂದಿಷ್ಟು ದಿನ ಅಲ್ಲಿ ಇದ್ದು ಬಾ ಅಪ್ಪ, ಹವಾ ಬದಲಾಗ್ತೈತೆ" ಅನ್ನುತ್ತಾರೆ. ನನಗೆ ಇಲ್ಲಿನ ಹವಾ ಚೆನ್ನಾಗಿಯೇ ಇದೆ. ನಿಮಗೆ ಶಾಲೆ, ಟ್ಯೂಷನ್, ಕೈಯಲ್ಲಿ ಮೊಬೈಲು. ನನ್ನ ಪಕ್ಕ ಬಂದು ಕೂತರೂ ಅರ್ಧ ಕಥೆಗೇ ಎದ್ದು ಓಡುತ್ತೀರಿ. ನಿಮ್ಮನ್ನು ಹಿಡಿದು ಕೂರಿಸಲು ನನ್ನ ಮುಂದೆ ಒಂದು ರಾಶಿಯೂ ಇಲ್ಲವಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ.

ಇವತ್ತು ಮಧ್ಯಾಹ್ನದ ಬಸ್ಸಿಗೆ ನಾನು ಹೊನ್ನಾಳಿಗೆ ಹೊರಡಬೇಕು. ಚೀಲ ಕಟ್ಟಿ ಆಗಿದೆ. ಆದರೆ ಬೆಳಿಗ್ಗೆಯಿಂದ ಬಾಗಿಲಲ್ಲಿ ನನ್ನ ಒಂದು ಕಾಲಿನ ಚಪ್ಪಲಿ ಮಾತ್ರ ಇದೆ. ನಿಮ್ಮ ಅಪ್ಪ ಇನ್ನೊಂದನ್ನು ಮಂಚದ ಕೆಳಗೆಲ್ಲ ಬಗ್ಗಿ ಹುಡುಕುತ್ತಿದ್ದಾನೆ. ನಿಮ್ಮಲ್ಲಿ ಚಿಕ್ಕವಳು ಮಾತ್ರ ಅಕ್ಕಿ ಡಬ್ಬದ ಮೇಲೆ ಕೂತು, ಅದರಿಂದ ಇಳಿಯಲೊಲ್ಲಳು. ಮುಚ್ಚಳದ ಸಂದಿಯಲ್ಲಿ ನನ್ನ ಚಪ್ಪಲಿಯ ಬಾರು ಇಣುಕುತ್ತಿದೆ. ಒಂದು ದಿಂಬು ತೆಗೆದು ಅವಳಿಗೆ ಒರಗಲು ಕೊಟ್ಟು, ನಾನೂ ಪಕ್ಕದಲ್ಲೇ ಕೂತೆ.