ನಂಬರ್ ಹೇಳದ ಹೆಂಗಸು

ಜನ ಆಡುವ ಮೊದಲ ಮಾತನ್ನು ನಾನು ನಂಬುವುದಿಲ್ಲ. ಇದು ಹುಟ್ಟುಗುಣವಲ್ಲ, ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಲಿತದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ಊರಿನಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ನಾವು ವೈರು ಚುಚ್ಚಿ ‘ನಂಬರ್ ಪ್ಲೀಸ್’ ಎನ್ನಬೇಕು. ನಂಬರ್ ಯಾರು ಹೇಳುತ್ತಿದ್ದರು? ‘ನಮ್ ಬಾವನ ಅಂಗಡಿಗೆ ಹಾಕಮ್ಮ’ ಎನ್ನುವರು. ಯಾರ ಭಾವ, ಯಾವ ಅಂಗಡಿ ಎಂಬುದು ನಮ್ಮ ತಲೆನೋವು.

ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ‘ಅವ್ರು ಏನಂತಾರೆ ಅನ್ನೋದು ಬುಡು, ಏನ್ ಬೇಕು ಅನ್ನೋದು ನೋಡು’ ಎಂಬುದು ಆಕೆಯ ಮೊದಲ ಪಾಠ. ಹುಣಸೆಹಣ್ಣಿನ ವ್ಯಾಪಾರಿ ‘ಪಾವಗಡದಲ್ಲಿ ಮಳೆ ಬಂತಾ ಕೇಳ್ಬೇಕಿತ್ತು’ ಅಂದರೆ ಮನೆಗಲ್ಲ, ಮಂಡಿಗೆ ಹಾಕಬೇಕು, ಅವನಿಗೆ ಬೇಕಾದದ್ದು ರೇಟು. ‘ಏನೂ ಅರ್ಜೆಂಟಿಲ್ಲ ಕಣಮ್ಮ, ನಿಧಾನಕ್ಕೆ ಹಾಕು’ ಎಂದು ಯಾರಾದರೂ ಮೆಲ್ಲಗೆ ಅಂದರೆ ಸಾವು. ಉಳಿದ ಕರೆಗಳನ್ನೆಲ್ಲ ಬದಿಗೆ ತಳ್ಳಿ ಅದನ್ನು ಮೊದಲು ಕೊಡುತ್ತಿದ್ದೆವು. ಆರು ತಿಂಗಳಲ್ಲಿ ನನಗೆ ಇದು ಎಷ್ಟು ಮೈಗೂಡಿತೆಂದರೆ, ಮನೆಯಲ್ಲಿ ಅಪ್ಪ ‘ಉಪ್ಪು ಸ್ವಲ್ಪ ಕಮ್ಮಿ’ ಅಂದರೂ ಇವರಿಗೆ ನಿಜವಾಗಿ ಏನು ಬೇಕಾಗಿದೆ ಎಂದು ಮುಖ ನೋಡುತ್ತಿದ್ದೆ.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಕುರ್ಚಿಯನ್ನು ನಾನು ಪ್ರಾಣದಂತೆ ಹಚ್ಚಿಕೊಂಡಿದ್ದೆ. ಊರಲ್ಲಿ ನಾನು ಇಂಥವರ ಮಗಳಾಗಿ ಅಲ್ಲದೆ ನಾನಾಗಿಯೇ ಕೂರುತ್ತಿದ್ದದ್ದು ಅದೊಂದೇ ಜಾಗ. ಅಂಥ ಹೊತ್ತಿನಲ್ಲಿ ಗೊಬ್ಬರದ ಅಂಗಡಿಯ ಮುಚ್ಚಳ ಬೀಳತೊಡಗಿತು. ಮಾತಾಡುತ್ತಿದ್ದವಳು ಒಬ್ಬ ಹೆಂಗಸು.

‘ಕೊರಟಗೆರೆಗೆ ಲೈನ್ ಸಿಕ್ತದಾ?’

‘ಸಿಗುತ್ತೆ, ನಂಬರ್ ಹೇಳಿ.’

‘ಅಲ್ಲ, ಸಿಕ್ತದಾ ಅಂತ ಕೇಳ್ದೆ ಅಷ್ಟೆ.’

ಎರಡು ದಿನ ಬಿಟ್ಟು ಮತ್ತೆ ಅದೇ ದನಿ. ಟೈಂ ಎಷ್ಟು, ಊಟ ಆಯ್ತಾ, ಯಾವೂರು. ಇನ್ನೊಂದು ದಿನ ‘ರಾತ್ರಿ ಹೊತ್ತೂ ನೀನೇ ಇರ್ತೀಯೇನಮ್ಮ?’ ರಾತ್ರಿಗೆ ಗಂಡಸರಿರುತ್ತಾರೆ ಅಂದೆ. ‘ಫೋನಲ್ಲಿ ಗಂಡಸ್ರು ಹೆಚ್ಚುಕಮ್ಮಿ ಮಾತಾಡಿದ್ರೆ ಏನ್ ಮಾಡ್ತೀಯ?’ ಲೈನ್ ತೆಗೆಯುತ್ತೇನೆ ಅಂದೆ. ಅಷ್ಟೆಲ್ಲ ಕೇಳಿ ಆಕೆ ಒಂದು ದಿನವೂ ಒಂದು ನಂಬರ್ ಕೇಳಲಿಲ್ಲ.

ರೇಟಲ್ಲ, ಸಾವಲ್ಲ, ಸಾಮಾನಲ್ಲ. ಎಲ್ಲಿಗೂ ಹೊಂದದ ಮಾತು. ಪಾವಗಡದ ಆಪರೇಟರಿಗೆ ಲೈನಿನಲ್ಲಿ ಹೇಳಿದೆ. ಆತ ನಕ್ಕು, ‘ಚಲ್ಲಕೊಚ್ಚಿ ಮುಂತ ದಾಚೇದೆಂದುಕಮ್ಮಾ ಅಂತ ಕೇಳ್ಬುಡು’ ಅಂದ. ತೆಲುಗು ಗಾದೆ, ಮಜ್ಜಿಗೆಗೆ ಬಂದು ಚೊಂಬು ಯಾಕೆ ಬಚ್ಚಿಡುತ್ತೀಯ ಎಂದು. ಕೇಳುವ ಧೈರ್ಯ ನನಗಿರಲಿಲ್ಲ. ಗೊಬ್ಬರದ ಅಂಗಡಿಯವರೂ ನಮ್ಮ ಮೇಲಿನವರೂ ಒಟ್ಟಿಗೆ ಕಾಫಿ ಕುಡಿಯುವುದನ್ನು ನಾನೇ ಕಂಡಿದ್ದೆ. ಕಾಯಂ ಮಾಡುವ ಮುಂಚೆ ಗುರುತಿನವರಿಂದ ಫೋನ್ ಮಾಡಿಸಿ ಹುಡುಗಿಯರ ಬಾಯಿ ಪರೀಕ್ಷೆ ಮಾಡುತ್ತಾರೆಂಬ ಗಾಳಿಮಾತೂ ಇತ್ತು. ಎರಡನ್ನೂ ಕೂಡಿಸಿದೆ, ಲೆಕ್ಕ ಸರಿಹೋಯಿತು. ಇವಳು ನನ್ನ ಕೆಲಸಕ್ಕೆ ಕಲ್ಲು ಹಾಕಲು ಬಂದವಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಆ ತಿಂಗಳೆಲ್ಲ ಹಲ್ಲು ಕಚ್ಚಿಕೊಂಡು ಬೆಣ್ಣೆಯಂಥ ದನಿಯಲ್ಲಿ ಉತ್ತರ ಕೊಟ್ಟೆ. ವೈರು ಕಿತ್ತ ಮೇಲೆ ಆಕೆಯನ್ನು ಬೈದ ಬೈಗುಳಕ್ಕೆ ಅಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಒಂದು ಭಾನುವಾರ ಸಿರಾದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ‘ಯಾಕ್ ನಿಂತ್ಕಂಡಿದ್ದೀಯಮ್ಮ, ಕೂತ್ಕ’ ಅಂದಳು ಹುಡುಗನ ತಾಯಿ. ತಟ್ಟೆ ಹಿಡಿದುಕೊಂಡೇ ಆಕೆಯ ಮುಖ ನೋಡಿದೆ. ಅದೇ ದನಿ. ಪಕ್ಕದಲ್ಲಿ ಆಕೆಯ ಅಣ್ಣ, ಗೊಬ್ಬರದ ಅಂಗಡಿಯವರು.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಒಂದು ಕಳ್ಳನೋಟ ಇರುತ್ತದೆ. ಗಂಡಿನ ಕಡೆಯ ಹೆಂಗಸೊಬ್ಬಳು ಗುರುತು ಹೇಳದೆ ಬಾವಿಕಟ್ಟೆಗೆ ಬಂದು ಒಂದು ಚೊಂಬು ನೀರು ಕೇಳುತ್ತಾಳೆ. ಹುಡುಗಿ ಮುಖ ಸಿಂಡರಿಸುತ್ತಾಳೋ, ನಗುತ್ತಾ ಕೊಡುತ್ತಾಳೋ ನೋಡಿಕೊಂಡು ಹೋಗುತ್ತಾಳೆ. ನನ್ನ ಚಿಕ್ಕಮ್ಮನನ್ನೂ ಹೀಗೇ ನೋಡಿದ್ದು. ನಾನು ದಿನವಿಡೀ ಎಕ್ಸ್‌ಚೇಂಜಿನಲ್ಲಿದ್ದವಳು, ಬಾವಿಯ ಹತ್ತಿರ ಸಿಗುವುದೆಲ್ಲಿ? ಆಕೆ ಅಣ್ಣನ ಮನೆಯಲ್ಲಿ ಉಳಿದುಕೊಂಡು ಫೋನಿನಲ್ಲೇ ನೀರು ಕೇಳಿದ್ದಳು. ಊರಿನವರ ಮನಸ್ಸಿನಲ್ಲಿರುವುದನ್ನೆಲ್ಲ ದನಿಯಲ್ಲೇ ಹಿಡಿಯುವ ನನಗೆ ಅದು ಹೊಳೆದಿರಲಿಲ್ಲ.

‘ನಾನೂ ಬೇಕಂತಲೇ ಕೆಣಕ್ದೆ. ಒಂದಿನಾನೂ ಎದುರು ಮಾತಾಡಿಲ್ಲ. ಹಸುವಿನಂಥ ಹುಡ್ಗಿ’ ಎಂದು ಆಕೆ ಅಪ್ಪನಿಗೆ ಹೇಳಿದಳು. ಅಪ್ಪ ನನ್ನ ಕಡೆ ನೋಡಿ ಕೆಮ್ಮಿದರು. ಒಂದು ಗಳಿಗೆ ನನಗೂ ನಗು ಬಂತು, ಮನಸ್ಸು ಹಗುರಾಯಿತು. ಕೆಲಸ ಉಳಿಯಿತಲ್ಲ.

‘ಆದ್ರೆ ಈ ಫೋನಿನ ಕೆಲ್ಸ ಬುಡುಸ್ಬುಡ್ತೀವಿ’ ಅಂದಳು ಆಕೆ. ‘ದಾರಿಲಿ ಹೋಗೋರ ಜೊತೆಗೆಲ್ಲ ಮಾತು ನಮ್ಮನೇಲಿ ಆಗಲ್ಲ. ಏನಮ್ಮ, ನಿನ್ ಒಪ್ಗೆ ಏನು?’

ಯಾರು ಎಂಬುದನ್ನು ತಪ್ಪಾಗಿ ಊಹಿಸಿದ್ದೆ. ಯಾಕೆ ಬಂದಳು ಎಂಬುದನ್ನು ಅಲ್ಲ. ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

‘ನಾಳೆ ಬೆಳಿಗ್ಗೆ ನನಗೆ ಡ್ಯೂಟಿ ಇದೆ’ ಅಂದೆ.

‘ಅದಕ್ಕೇನಂತೆ, ಹೋಗು. ಲಗ್ನ ಆದ್ಮೇಲೆ ತಾನೆ ಬುಡೋದು?’

‘ಲಗ್ನ ಆದ್ಮೇಲೂ ಇರ್ತದೆ’ ಎಂದು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅಡುಗೆಮನೆಗೆ ಆಕೆಯ ದನಿ ಕೇಳಿಸಿತು. ‘ಸಿರಾ ಬಸ್ಸಿಗೆ ಹೊತ್ತಾಯ್ತು, ಬರ್ತೀವಿ. ಹೇಳಿ ಕಳುಸ್ತೀವಿ.’ ಆ ಹೊತ್ತಿಗೆ ಸಿರಾಕ್ಕೆ ಬಸ್ಸೇ ಇರಲಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು.