ಸೀರೆ ಅಂಚಿನ ತೂತು

ಯಾರಾದ್ರೂ ತೀರಾ ಚೆನ್ನಾಗಿ ಕೆಲಸ ಮಾಡಿದ್ರೆ ನನಗೆ ಮೊದ್ಲು ಬರೋದು ಅನುಮಾನ, ಹೊಗಳಿಕೆ ಏನಿದ್ರೂ ಆಮೇಲೆ. ಈ ಫೋನೇ ನೋಡಿ. ಟೈಪ್ ಮಾಡೋದು ಕಲಿತು ಇನ್ನೂ ತಿಂಗಳಾಗಿಲ್ಲ, ನಾನು ಅರ್ಧ ಒತ್ತೋದ್ರೊಳಗೆ ಪೂರಾ ಪದ ತಾನೇ ತಂದು ತೋರಿಸ್ತೈತೆ. ನನ್ನ ಮನಸಲ್ಲಿರೋದು ಇದಕ್ಯಾರು ಹೇಳಿದ್ರು ಅಂತ ಮೊಮ್ಮಗಳನ್ನ ಕೇಳಿದೆ. ನಕ್ಕಳು. ಉತ್ತರ ಕೊಡದೆ ನಗೋರನ್ನೂ ನಾನು ನಂಬಲ್ಲ.

ಇವಳ ಅವ್ವ, ಅಂದ್ರೆ ನನ್ನ ಮಗಳನ್ನೂ ನಾನು ಹಂಗೇ ಕಾವಲು ಕಾದಿದ್ದೆ.

ನಮ್ಮದು ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ನೇಯೋ ಮನೆ. ನಡುಮನೇಲೇ ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಎರಡು ಕಾಲಲ್ಲೂ ಹಲಗೆ ತುಳೀಬೇಕು, ಕೈಯಲ್ಲಿ ಲಾಳಿ ಓಡಿಸಬೇಕು. ಮಗಳಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಬಳ್ಳಿಯಂಗೆ ಸಣ್ಣಕ್ಕಾಗಿತ್ತು. ಇವಳು ಮಗ್ಗಕ್ಕೆ ಆಗಲ್ಲ, ಕಂಡಿಕೆಗೆ ನೂಲು ಸುತ್ಕೊಂಡು ಕೂರ್ಲಿ ಅಂತ ಓಣಿಯೋರೆಲ್ಲ ಸೇರಿ ತೀರ್ಮಾನ ಮಾಡಿದ್ರು. ಅವಳನ್ನ ಒಂದು ಮಾತು ಕೇಳಿರಲಿಲ್ಲ. ಅವಳು ಯಾರಿಗೂ ಎದುರಾಡಲಿಲ್ಲ. ನಮ್ಮನೆಯೋರು ಊಟಕ್ಕೆ ಎದ್ದಾಗ ಹೋಗಿ ಗುಂಡಿಗೆ ಇಳಿಯೋಳು. ಎಡಗಾಲಿಗೆ ಬಲ ಇಲ್ಲ ಅಂದ್ರೆ ಸೊಂಟದಿಂದ ಭಾರ ಹಾಕಿ ಹಲಗೆ ಒತ್ತೋಳು. ಮೊದಮೊದಲು ಬಟ್ಟೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಚ್ಚೋಳು, ಮತ್ತೆ ನೇಯೋಳು. ಎರಡು ವರ್ಷಕ್ಕೆ ಕೈ ಎಂಗೆ ಕುದುರ್ತು ಅಂದ್ರೆ, ಎಲ್ಲೋ ಒಂದೇ ಒಂದು ಎಳೆ ಸರಿದಿದ್ರೂ ಗೇಣುದ್ದ ಬಿಚ್ಚಿ ಹಾಕೋಳು. ಅವರಪ್ಪ ತೆಲುಗಲ್ಲಿ, ಚಾಲಮ್ಮಾ ಚಾಲು, ಸಾಕು ಬಿಡು, ಮನುಷ್ಯರು ನೇಯ್ದಿದ್ದು ಅಂತ ಗೊತ್ತಾಗ್ಲಿ ಅಂತ ಬೇಡ್ಕೊಳ್ಳೋರು.

ಆಗ ತೊಂಬತ್ತರ ದಶಕದ ಕೊನೆ ಕಡೆ. ನಮ್ಮನೆಯೋರಿಗೆ ಕಣ್ಣು ಮಂಜಾಗ್ತಾ ಬಂದಿತ್ತು. ಅವರು ಮಗ್ಗ ಬಿಟ್ರೆ ಮನೆಗೆ ರೇಷ್ಮೆ ಬರೋದು ನಿಂತಂಗೆ. ಮಗ್ಗದುದ್ದಕ್ಕೆ ಹೂಡೋ ರೇಷ್ಮೆ ಎಳೆ, ಅಂದ್ರೆ ಹಾಸು, ಜರಿ ಎಲ್ಲಾ ಸೌಕಾರ್ರು ಕೊಡೋದು, ಅದೂ ನಂಬಿಕೆ ಮೇಲೆ. ನಮ್ಮೂರ ಸೌಕಾರ್ರು ಯಾರೂ ಮಗಳ ಹೆಸರಿಗೆ ಹಾಸು ಕೊಡೋಕೆ ಒಪ್ಪಲಿಲ್ಲ. ಕುಂಟ ಹುಡುಗಿ ಕೈಗೆ ರೇಷ್ಮೆ ಕೊಟ್ಟು ಯಾರು ಕಳ್ಕೊಂತಾರೆ ಅಂತ ಒಬ್ಬರು ನನ್ನೆದುರಿಗೇ ಅಂದ್ರು. ಕೊನೆಗೆ ಚಳ್ಳಕೆರೆಲಿ ಸೀರೆ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬ್ರು, ಒಂದು ಸೀರೆ ನೇಯ್ದು ತರಲಿ, ನೋಡಿ ಹೇಳ್ತೀನಿ ಅಂದ್ರು. ಇವಳ ಪಾಲಿಗೆ ಉಳಿದಿದ್ದು ಅದೊಂದೇ ಬಾಗಿಲು.

ಆ ಸೀರೆ ನೇಯೋವಾಗ್ಲೇ ನನಗೆ ಅನುಮಾನ ಹತ್ತಿದ್ದು. ಸಾಯಂಕಾಲ ಮಗ್ಗ ನಿಲ್ಲಿಸಿದ ಮೇಲೂ ಮೇಲಕ್ಕೆ ಏಳೋಳಲ್ಲ. ಒಂದು ಬಟ್ಟಲಲ್ಲಿ ನೀರು, ಒಂದು ಚಿಂದಿ ಬಟ್ಟೆ ಇಟ್ಕೊಂಡು ತಲೆ ಬಗ್ಗಿಸಿ ಕೂರೋಳು. ನಾನು ಹತ್ರ ಹೋದ್ರೆ ಸೆರಗು ಅಡ್ಡ ಹಿಡಿಯೋಳು. ವಯಸ್ಸಿನ ಹುಡುಗಿ, ಚೀಟಿಗೀಟಿ ಓದ್ತಾವಳೇನೋ ಅನ್ಕೊಂಡೆ. ಸಾರಿಗೆ ಹುಣಸೆಹಣ್ಣು ಕಿವುಚ್ತಾ ಬಾಗಿಲ ಸಂದಿಯಿಂದ ಇಣುಕಿದೆ.

ಚೀಟಿನೂ ಇಲ್ಲ ಏನೂ ಇಲ್ಲ. ತೂತು ಮುಚ್ಚುತಿದ್ಲು.

ನೇಯೋವಾಗ ಬಟ್ಟೆ ಅಗಲ ಕುಗ್ಗದಂಗೆ, ಎರಡು ತುದಿಗೂ ಮುಳ್ಳಿರೋ ಒಂದು ಕಡ್ಡಿನ ಅಂಚಿಂದ ಅಂಚಿಗೆ ಚುಚ್ಚಿ ನಿಲ್ಲಿಸ್ತಾರೆ. ನೇಯ್ದಂಗೆಲ್ಲ ಕಿತ್ತು ಮುಂದಕ್ಕೆ ಚುಚ್ಚಬೇಕು. ಅದು ಕೂತಿದ್ದ ಕಡೆಯೆಲ್ಲ ಅಂಚಲ್ಲಿ ಸಾಸಿವೆಗಿಂತ ಸಣ್ಣ ತೂತು ಉಳೀತಾವೆ. ಎಲ್ಲರ ಸೀರೆಲೂ ಇರ್ತಾವೆ, ಯಾರೂ ತಲೆ ಕೆಡಿಸ್ಕೊಳಲ್ಲ. ಇವಳು ಮಾತ್ರ ಒದ್ದೆ ಬಟ್ಟೆ ಒತ್ತಿ, ಉಗುರಲ್ಲಿ ಎಳೆ ಸರಿಸಿ, ಒಂದೊಂದನ್ನೂ ಮುಚ್ಚುತಿದ್ಲು. ಯಾಕೆ ಅಂದೆ.

"ಬ್ಯಾರೆಯೋರು ಬಿಟ್ರೆ ಅದು ತೂತು ಅವ್ವ. ನಾನು ಬಿಟ್ರೆ ಕುಂಟಿ ನೇಯ್ದಿದ್ದು ಅಂತಾರೆ" ಅಂದ್ಲು.

ಮೂರು ಜನಾನೂ ಬಸ್ಸಲ್ಲಿ ಚಳ್ಳಕೆರೆಗೆ ಹೋದ್ವಿ. ಸಾಹೇಬ್ರು ನಮ್ಮನ್ನ ಕೂರಿಸಿ, ಚಾ ತರಿಸಿ, ಸೀರೆ ಬಿಡಿಸಿದ್ರು. ಕನ್ನಡಕ ಹಾಕ್ಕೊಂಡು ನೋಡಿದ್ರು, ತೆಗೆದು ನೋಡಿದ್ರು. ತಿರುವಿ ಹಾಕಿ, ಅಂಚನ್ನ ಟ್ಯೂಬ್‌ಲೈಟಿಗೆ ಹಿಡಿದು ಬೆರಳಲ್ಲಿ ಸವರ್ತಾ ಸವರ್ತಾ ಈ ಕೊನೆಯಿಂದ ಆ ಕೊನೆಗೆ ಹೋದ್ರು. ಮುಖ ಚಿಕ್ಕದಾಗ್ತಾ ಬಂತು. ನಿಧಾನಕ್ಕೆ ಮಡಿಚಿ ನನ್ನ ಕಡೆ ತಳ್ಳಿದ್ರು.

"ಅಮ್ಮಾ, ಇದು ಮಷೀನ್ ಮಾಲು."

ಆಗೆಲ್ಲ ಪವರ್‌ಲೂಮ್ ಸೀರೆನ ಕೈಮಗ್ಗದ್ದು ಅಂತ ಹೇಳಿ ಅಂಗಡಿಗಳಿಗೆ ಟೋಪಿ ಹಾಕ್ತಿದ್ರು. ಅವರೂ ಒಂದು ಸಲ ಹಾಕಿಸ್ಕೊಂಡಿದ್ರಂತೆ. ಅದಕ್ಕೇ ಅವರು ಮೊದ್ಲು ಹುಡುಕೋದು ಅಂಚಲ್ಲಿ ಮುಳ್ಳಿನ ಗುರುತು. ಕೈಮಗ್ಗಕ್ಕೆ ಅದೇ ಸಾಕ್ಷಿ ಅಂದ್ರು. ನಾನೇ ಉಜ್ಜಿ ಮುಚ್ಚಿದ್ದು ಅಂತ ಮಗಳು ಹೇಳಿದ್ಲು. ಅವರ ಅನುಮಾನ ಇನ್ನೂ ಜಾಸ್ತಿ ಆಯ್ತು.

"ಗುರುತು ಅಳಿಸೋರು ಯಾರು ಬೇಟಿ? ಕಳ್ಳರು ತಾನೇ?"

ನಮ್ಮನೆಯೋರು ಚಾ ಲೋಟ ಹಂಗೇ ಕೆಳಗಿಟ್ರು. ನನಗೆ ಮಾತ್ರ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ ನೋಡಿ. ನನ್ನ ಜಾತಿಯ ಮನುಷ್ಯ ಸಿಕ್ಕಿದ ಅನ್ನಿಸ್ತು, ಅನುಮಾನದ ಜಾತಿ. ಅಂಥೋರಿಗೆ ಮಾತಲ್ಲಿ ಹೇಳಿ ಪ್ರಯೋಜನ ಇಲ್ಲ. ಮನೆಗೆ ಬಂದು ಕಣ್ಣಾರೆ ನೋಡಿ ಅಂದೆ. ಬರ್ತೀನಿ, ಆದ್ರೆ ಯಾವತ್ತು ಅಂತ ಹೇಳಲ್ಲ ಅಂದ್ರು. ನಾನಾಗಿದ್ರೂ ಹೇಳ್ತಿರಲಿಲ್ಲ.

ಅವತ್ತಿಂದ ಬಾಗಿಲಲ್ಲಿ ಯಾರ ನೆರಳು ಬಿದ್ರೂ ಸಾಹೇಬ್ರೇ ಅನ್ಸೋದು. ಮಜ್ಜಿಗೆ ಮಾರೋಳು ಬಂದು ಪಕ್ಕದ ಮನೆಯೋರ ವಿಷಯ ವಿಚಾರಿಸಿದ್ರೂ, ಇವಳನ್ನ ಅವರೇ ಕಳಿಸವ್ರೆ ಅಂತ ನಾನು ಬಾಯಿ ಬಿಡ್ತಿರಲಿಲ್ಲ. ಮಗಳು ಇನ್ನೊಂದು ಸೀರೆ ಶುರು ಮಾಡಿದ್ಲು, ಅವರಪ್ಪನ ಹೆಸರಲ್ಲಿ ಬಂದಿದ್ದ ಕೊನೇ ಹಾಸಲ್ಲಿ. ಈ ಸಲನಾದ್ರೂ ತೂತು ಬಿಡು ಅಂತ ಹೇಳಿದೆ. ಬಿಡಲಿಲ್ಲ. ಬಿಟ್ಟೋಳಂಗೆ ಕಾಣಿಸ್ಕೊಂಡು, ನಾನು ನೀರಿಗೆ ಹೋದಾಗ ಮುಚ್ಚೋಳು.

ಸಾಹೇಬ್ರು ಬಂದಿದ್ದು ಅಮಾಸೆ ದಿನ. ಅಮಾಸೆ ದಿನ ನೇಕಾರ್ರು ಮಗ್ಗ ಆಡಿಸಲ್ಲ. ಪೂಜೆ ಮಾಡಿ ಬಟ್ಟೆ ಹೊದಿಸಿಬಿಡ್ತಾರೆ. ಅದು ಅವರಿಗೂ ಗೊತ್ತಿತ್ತು. ಮಷೀನಿಗೆ ಅಮಾಸೆ ಇಲ್ಲ, ಇವತ್ತು ಎಲ್ಲಿಂದಾದ್ರೂ ಸದ್ದು ಕೇಳಿಸಿದ್ರೆ ಮಾಲು ಎಲ್ಲಿಂದ ಬರ್ತೈತೆ ಅಂತ ತಿಳೀತೈತೆ ಅಂತ ಲೆಕ್ಕ ಹಾಕಿ ಬಂದಿದ್ರು. ಓಣಿ ಪೂರಾ ಕಿವಿಗೊಟ್ಟು ನಡೆದು, ಆಮೇಲೆ ನಮ್ಮನೆ ಬಾಗಿಲು ತಟ್ಟಿದ್ರು. ಎಂಥಾ ತಲೆ ಅಂತೀರ. ನನಗೇ ಹೊಳೀತಿರಲಿಲ್ಲ.

ಮಗ್ಗ ಆಡಿಸಿ ತೋರಿಸು ಅಂತ ಅವರು ಕೇಳಲಿಲ್ಲ. ನಮ್ಮನೆಯೋರು ಆಡಿಸೋಕೆ ಬಿಡ್ತಾನೂ ಇರಲಿಲ್ಲ. ಮಗಳು ಗೋಡೆ ಹಿಡ್ಕೊಂಡು ಬಂದು ಹೊದಿಕೆ ಸರಿಸಿದ್ಲು, ಅಷ್ಟೇ. ಸೀರೆ ಅರ್ಧಕ್ಕೆ ನಿಂತಿತ್ತು. ಮುಳ್ಳು ಕಡ್ಡಿ ಇನ್ನೂ ಚುಚ್ಚಿದಂಗೇ ಇತ್ತು. ಅದರ ಕೆಳಗೆ ಒಂದು ಗೇಣು ಅಂಚಲ್ಲಿ ತೂತು ತೂತು. ಅಲ್ಲಿಂದಾಚೆಗೆ ಒಂದೂ ಇಲ್ಲ, ಸಾಫ್. ಹಿಂದಿನ ದಿನ ಕರೆಂಟ್ ಹೋಗಿ, ಇವಳ ಉಜ್ಜೋ ಕೆಲಸ ಅಲ್ಲಿಗೇ ನಿಂತಿತ್ತು.

ಸಾಹೇಬ್ರು ಮಂಡಿಯೂರಿ ಕೂತ್ರು. ತೂತು ಇರೋ ಕಡೆಯಿಂದ ಇಲ್ಲದ ಕಡೆಗೆ ಬೆರಳು ಆಡಿಸಿದ್ರು, ಮತ್ತೆ ವಾಪಸ್ಸು. ಗುಂಡಿಯೊಳಗೆ ಬಗ್ಗಿ, ಎಡಗಡೆ ಹಲಗೆ ಒಂದೇ ಮೂಲೇಲಿ ಸವೆದಿರೋದು ನೋಡಿದ್ರು. ಆಮೇಲೆ ಅವಳ ಕಾಲು ನೋಡಿದ್ರು. ಅಲ್ಲಿವರೆಗೂ ಆ ಮನುಷ್ಯ ಅವಳ ಕಾಲು ನೋಡೇ ಇರಲಿಲ್ಲ, ಬರೀ ಸೀರೆ ನೋಡಿದ್ರು. ಅದೊಂದು ನನಗೆ ಹಿಡಿಸ್ತು.

"ಹಾಸು ಕೊಡ್ತೀನಿ. ಆದ್ರೆ ತೂತು ಮುಚ್ಚಂಗಿಲ್ಲ" ಅಂದ್ರು.

"ನೋಡೋಕೆ ಚೆನ್ನಾಗಿರಲ್ಲ."

"ಚೆನ್ನಾಗಿರೋದು ಬೇಡ ಬೇಟಿ, ನಿಂದು ಅಂತ ಗೊತ್ತಾಗ್ಬೇಕು."

ಅವಳು ಉಜ್ಜಿದ್ದ ಅಂಚನ್ನ ಒಂದು ಸಲ ಬೆರಳಲ್ಲಿ ಸವರಿದ್ಲು. ಅವರಪ್ಪ ಮಂಜುಗಣ್ಣಲ್ಲೇ ಅವಳ ಮುಖ ಹುಡುಕ್ತಿದ್ರು. ಆಯ್ತು ಅಂದ್ಲು. ನಾನು ನಂಬಲಿಲ್ಲ, ಅವರೂ ನಂಬಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

ವಾರದೊಳಗೆ ಹಾಸಿನ ಗಂಟು ಬಂತು, ಮೇಲೆ ಅವಳ ಹೆಸರು. ಓಣಿಯೋರು ಬಂದು ಮುಟ್ಟಿ ನೋಡಿ ಹೋದ್ರು. ಹಳೇ ರೇಷ್ಮೆ ಏನಾದ್ರೂ ಸೇರಿಸವ್ರೇನೋ ಅಂತ ನಾನು ಎಳೆ ಎಳೆ ಬಿಡಿಸಿ ನೋಡಿದೆ. ಎಲ್ಲಾ ಹೊಸದೇ. ಬಟ್ಟಲು, ಚಿಂದಿ ಎರಡನ್ನೂ ತಗೊಂಡು ನನ್ನ ಟ್ರಂಕಲ್ಲಿ ಬೀಗ ಹಾಕಿಟ್ಟೆ.

ಅವಳು ಮಾತು ಉಳಿಸ್ಕೊಂಡ್ಲು. ತೂತು ಬಿಟ್ಲು. ಆದ್ರೆ ಸೀರೆ ಮಗ್ಗದಿಂದ ಇಳಿಸಿ ಬಿಡಿಸಿದಾಗ ನೋಡ್ತೀನಿ, ತೂತಿಂದ ತೂತಿಗೆ ಒಂದೇ ಅಳತೆ, ಬಲಕ್ಕೂ ಎಡಕ್ಕೂ ಎದುರುಬದುರು. ಎಳೆ ಎಣಿಸಿ ಎಣಿಸಿ ಕಡ್ಡಿ ಚುಚ್ಚವ್ಳೆ ಪಾಪಿ. ಮಷೀನು ಕೂಡ ಅಷ್ಟು ನೆಟ್ಟಗೆ ಚುಚ್ಚಲ್ಲ. ಇದನ್ನ ನೋಡಿ ಸಾಹೇಬ್ರು ಮತ್ತೆ ಯಾವ ಅಮಾಸೆಗೆ ಬಂದು ಬಾಗಿಲು ತಟ್ತಾರೋ ಅಂತ, ಸೀರೆ ಕೊಡೋಕೆ ಹೋಗೋ ಬಸ್ಸಲ್ಲಿ ಚಳ್ಳಕೆರೆವರೆಗೂ ನನಗೆ ಒಂದೇ ಯೋಚನೆ. ಅವಳು ಮಾತ್ರ ಸೀರೆ ತೊಡೆ ಮೇಲಿಟ್ಕೊಂಡು, ಕಿಟಕಿಗೆ ತಲೆ ಕೊಟ್ಟು, ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ಲು.