‘ಪ್ರಿಮಿಸಸ್’ ಮತ್ತು ಸೋಮವ್ವನ ಹಿತ್ತಲು

ಬೈಲಹೊಂಗಲದ ಹಳೇ ಪೇಟೆಯಲ್ಲಿ ಸೋಮವ್ವನ ಶಾವಿಗೆ ಗೊತ್ತಿಲ್ಲದವರು ಕಡಿಮೆ. ಅವಳ ಅನುಮಾನ ಗೊತ್ತಿಲ್ಲದವರು ಇನ್ನೂ ಕಡಿಮೆ. ಹೆಂಗಸರು ತಂದ ರವೆಯನ್ನು ಅವರೆದುರಿಗೇ ತೂಗಿ, ಕೈ ತೊಳೆದು ಬಂದು ಮತ್ತೊಮ್ಮೆ ತೂಗುತ್ತಿದ್ದಳು.

“ನಡುವ ಬೆಕ್ಕ ತಿಂದ ಹೋಗತೈತೇನ ಸೋಮಕ್ಕಾ?” ಎಂದು ಅವರು ನಕ್ಕರೆ, “ಬೆಕ್ಕ ತಿಂದ್ರ ಮೀಸಿಗೆ ಹತ್ತಿರತೈತಿ. ಮಂದಿ ತಿಂದ್ರ ಗೊತ್ತಾಗೂದಿಲ್ಲ” ಎನ್ನುತ್ತಿದ್ದಳು.

ಅದು ಹುಟ್ಟುಗುಣವಲ್ಲ. ಗಂಡ ತೀರಿಕೊಂಡ ಮೇಲೆ ದೊಡವಾಡದ ಮನೆಯಲ್ಲಿ ಯಾರೂ ಅವಳಿಗೆ ಹೊರಗೆ ನಡೆ ಎನ್ನಲಿಲ್ಲ. ಮೊದಲು ಅವಳ ಕೋಣೆಗೆ ಮೈದುನನ ಗೊಬ್ಬರದ ಚೀಲಗಳು ಬಂದವು. ಆಮೇಲೆ ಪಡಸಾಲೆಗೆ ಅವನ ಹತ್ತಿಯ ರಾಶಿ ಬಂತು. ಕೊನೆಗೆ ಅವಳ ಹಾಸಿಗೆಗೆ ಬಾಗಿಲ ಸಂದಿಯಷ್ಟೇ ಉಳಿಯಿತು. ಒಂದು ಬೆಳಿಗ್ಗೆ ಆ ಹಾಸಿಗೆಯನ್ನೂ ಸುತ್ತಿಕೊಂಡು, ತಾಯಿ ಬಿಟ್ಟುಹೋಗಿದ್ದ ಈ ಜಾಗಕ್ಕೆ ಬಂದಳು: ಬೀದಿಗೆ ಒಂದು ಅಂಗಡಿ, ಅದರ ಹಿಂದೆ ಕೋಣೆ, ಅದರ ಹಿಂದೆ ಹಿತ್ತಲು. ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಕೋಣೆಯಲ್ಲಿ ಶಾವಿಗೆ ಮಷೀನು ಇಟ್ಟಳು. ಹಿತ್ತಲಲ್ಲಿ ಕೋಲಿನ ಮೇಲೆ ಶಾವಿಗೆ ಇಳಿಬಿಟ್ಟಾಗ ಎಳೆಗಳ ನಡುವೆ ಹಾದ ಬಿಸಿಲು ನೆಲದ ಮೇಲೆ ಸಣ್ಣ ಗೆರೆಗಳಾಗಿ ಬೀಳುತ್ತಿತ್ತು. ಆ ಬಿಸಿಲಿಲ್ಲದಿದ್ದರೆ ಮಷೀನು ಬರೀ ಕಬ್ಬಿಣ.

ಅಂಗಡಿ ಹಿಡಿದವನು ಗೌರೀಶ, ನೀರಿನ ಪಂಪು, ಪೈಪು ಮಾರುವವನು. ಎಲ್ಲ ಬಾಯಿಮಾತಿನ ಮೇಲೆ ನಡೆದಿತ್ತು. ೧೯೯೯ರ ಬೇಸಿಗೆಯಲ್ಲಿ ಅವನೊಂದು ಬಾಡಿಗೆ ಕರಾರು ಟೈಪು ಮಾಡಿಸಿ ತಂದ. ಅದಿಲ್ಲದೆ ಪಂಪಿನ ಕಂಪನಿ ಅವನಿಗೆ ಏಜೆನ್ಸಿ ಕೊಡುವಂತಿರಲಿಲ್ಲ.

“ಇಲ್ಲೊಂದು ಸೈ ಮಾಡ್ರಿ ಅಕ್ಕಾರ.”

“ಎಲ್ಲಾ ಇಂಗ್ಲಿಷ್‌ನ್ಯಾಗ ಐತಲ್ಲೋ. ನಾ ಎಲ್ಲಿತನಕ ಕೊಟ್ಟೇನಿ ಅಂತ ಬರದೈತಿ?”

“ಪ್ರಿಮಿಸಸ್ ಅಂತ ಐತ್ರಿ. ಅಂದ್ರ ಅಂಗಡಿ.”

“ಅಂಗಡಿಗೆ ಶಾಪ್ ಅಂತಾರ. ನಿನ್ನ ಬೋರ್ಡಿನ ಮ್ಯಾಲೂ ಹಂಗ ಐತಿ. ಮತ್ತ ಇಷ್ಟುದ್ದನ ಶಬ್ದ ಯಾಕ?”

“ಉದ್ದಿದ್ರ ಮರ್ಯಾದಿ ಹೆಚ್ಚರಿ,” ಗೌರೀಶ ನಕ್ಕ. ಸೋಮವ್ವ ನಗಲಿಲ್ಲ. ನೋಡುತ್ತೇನೆಂದು ಕಾಗದ ಇಟ್ಟುಕೊಂಡಳು.

ಅಂದಿನಿಂದ ಕಣ್ಣಿಗೆ ಬಿದ್ದದ್ದೆಲ್ಲ ಬೇರೆಯಾಗಿ ಕಂಡಿತು. ಹಿತ್ತಲ ಗೋಡೆಗೆ ಅವನು ಒರಗಿಸಿದ್ದ ಎರಡು ಪೈಪು ಯಾವಾಗ ಬಂದವು? ದೀಪಾವಳಿಯ ಪೂಜೆಗೆ ಅಂಗಡಿಯ ಜೊತೆ ಹಿತ್ತಲ ಬಾಗಿಲಿಗೂ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದನಲ್ಲ, ಅದು ಪ್ರೀತಿಯೋ, ಗುರುತೋ?

ಮುಂದಿನ ವಾರ ಬ್ಯಾಂಕಿಗೆ ಹೋದಾಗ ಆವರಣದ ಬೇವಿನ ಮರದ ಕೆಳಗೊಬ್ಬ ಮುದುಕ ಬೀಡಿ ಹಚ್ಚುತ್ತಿದ್ದ. ಕಾವಲಿನವನು ಓಡಿಬಂದ.

“ಯಜಮಾನ್ರ, ಪ್ರಿಮಿಸಸ್‌ನ್ಯಾಗ ಬೀಡಿ ಸೇದಬ್ಯಾಡ್ರಿ!”

“ನಾ ಎಲ್ಲಿ ಬ್ಯಾಂಕಿನೊಳಗ ಅದೀನೋ? ಗಿಡದ ಬುಡಕ ಅದೀನಿ.”

“ಗಿಡಾನೂ ಪ್ರಿಮಿಸಸ್. ಗೇಟಿನತನಕ ಎಲ್ಲಾ ಅದ.”

ಸೋಮವ್ವನ ಕಾಲು ಅಲ್ಲೇ ನಿಂತಿತು. “ಅಲ್ಲೋ ತಮ್ಮಾ, ಆ ಸೈಕಲ್ ನಿಲ್ಲಸೂ ಜಾಗಾ?”

“ಅದೂ ಬಂತರಿ.”

“ಹಿಂದಿನ ನೀರಿನ ಟಾಕಿ?”

“ಅದೂ ಬಂತು.”

“ಬಿಸಲ?”

ಅವನು ಅವಳ ಮುಖ ನೋಡಿದ. “ಗೇಟಿನೊಳಗ ಬಿದ್ರ ಅದೂ ಬಂತಬೇ!”

ಸಂಜೆ ಅವಳು ಕಾಗದವನ್ನು ಗೌರೀಶನ ಮುಂದಿಟ್ಟಳು. “ಈ ಶಬ್ದ ಅಂಗಡಿ ಬಾಗಲಕ್ಕ ನಿಲ್ಲೂದಿಲ್ಲ. ಹಿತ್ತಲಕ್ಕೂ ಹೋಗತೈತಿ.”

“ಅಕ್ಕಾರ, ನಿಮ್ಮ ಹಿತ್ತಲಾ ತೊಗೊಂಡು ನಾ ಏನ ಮಾಡ್ಲಿ?”

“ಇವತ್ತ ಬ್ಯಾಡ. ಏಜೆನ್ಸಿ ಬಂದು ಪೈಪ ಹೆಚ್ಚಾದ ಮ್ಯಾಲೆ?”

ಗೌರೀಶ ಏನೋ ಹೇಳಹೋದ. ಅಷ್ಟರಲ್ಲಿ ಅವನ ಕಣ್ಣು ಒಮ್ಮೆ ಹಿತ್ತಲ ಕಡೆ ಹೋಗಿ ಬಂತು. ಸೋಮವ್ವ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

“ವಕೀಲರನ್ನ ಕೇಳಿ ಬರತೇನ್ರಿ,” ಎಂದು ಎದ್ದ.

ಹೊಸ ಕಾಗದ ತಂದಾಗ ಗೌರೀಶನ ಮುಖದಲ್ಲಿ ನಗೆಯಿರಲಿಲ್ಲ. ವಕೀಲರು ಹೇಳಿದ್ದನ್ನೇ ಒಪ್ಪಿಸಿದ: ಪ್ರಿಮಿಸಸ್ ಎಂದರೆ ಕಟ್ಟಡದ ಜೊತೆ ಅದಕ್ಕೆ ಸೇರಿದ ನೆಲವೂ ಬರುತ್ತದೆ, ಎಲ್ಲಿಯವರೆಗೆ ಎಂಬುದು ಕೆಳಗೆ ಬರೆದ ಚಕ್ಕುಬಂದಿಯ ಮೇಲೆ ನಿಂತಿದೆ. ಮೊದಲಿನ ಕಾಗದದಲ್ಲಿ ಚಕ್ಕುಬಂದಿಯೇ ಇರಲಿಲ್ಲ. ಈಗ ನಾಲ್ಕೂ ದಿಕ್ಕು ಕನ್ನಡದಲ್ಲಿ ಬರೆದಿತ್ತು. ಅಂಗಡಿಯ ಹಿಂಬಾಗಿಲಿನಿಂದಾಚೆಗಿನ ಕೋಣೆ, ಹಿತ್ತಲು ಇದಕ್ಕೆ ಸೇರಿಲ್ಲ ಎಂಬ ಸಾಲನ್ನು ಸೋಮವ್ವ ಬೆರಳಿಟ್ಟು ಓದಿದಳು. ಮತ್ತೆ ಓದಿದಳು. ಸಹಿ ಮಾಡಿದಳು.

“ಆತಲ್ರೀ ಮಾಲಕರ?” ಎಂದ ಗೌರೀಶ.

ಅಕ್ಕಾರ ಎನ್ನಲಿಲ್ಲ. ಅದು ಅವಳಿಗೆ ಕೇಳಿಸಿತು. ಮರೆತಿರಬೇಕು ಎಂದುಕೊಂಡಳು; ಮರೆಯುವವನಲ್ಲ ಎಂಬುದೂ ಗೊತ್ತಿತ್ತು.

ಅದೇ ವಾರ ಬಡಿಗನನ್ನು ಕರೆಸಿ ಹಿಂಬಾಗಿಲಿಗೆ ತನ್ನ ಕಡೆಯಿಂದ ಚಿಲಕ ಹಾಕಿಸಿದಳು. ಗೌರೀಶ ದಿನಾ ಮಧ್ಯಾಹ್ನ ಆ ಬಾಗಿಲಿನಿಂದ ಅರ್ಧ ಕಪ್ ಚಹಾ ದಾಟಿಸುತ್ತಿದ್ದ. ಈಗ ಚಹಾ ಓಣಿ ಸುತ್ತಿ ಬರಬೇಕಿತ್ತು. ಬರಲಿಲ್ಲ. ಅವನು ನಿಜವಾಗಿಯೂ ಹಿತ್ತಲಿಗೆ ಕಣ್ಣು ಹಾಕಿದ್ದನೋ, ಅಥವಾ ಅವಳು ಹೇಳಿದ್ದಕ್ಕೆ ಸುಮ್ಮನೆ ಆ ಕಡೆ ನೋಡಿದ್ದನೋ, ಅವಳಿಗೆ ಎಂದೂ ತಿಳಿಯಲಿಲ್ಲ. ಚಿಲಕ ತೆಗೆದು ಕೇಳಬಹುದಿತ್ತು. ಶಾವಿಗೆಯ ಒಂದು ಬದಿ ಒಣಗಿತ್ತು. ಕೋಲು ಎತ್ತಿ ಇನ್ನೊಂದು ಬದಿಯನ್ನು ಬಿಸಿಲಿಗೆ ತಿರುಗಿಸಿದಳು.